ಹಲಗೆ ಇಳಿಯುವ ಬಸ್ಸು

ಫೆಬ್ರವರಿ 9

ಅಣ್ಣನಿಗೆ,

ಇದು ನಾನೇ ಬರೆಯುತ್ತಿರುವ ಕಾಗದ, ಅಮ್ಮ ಹೇಳಿ ಬರೆಸಿದ್ದಲ್ಲ. ಎರಡು ವರ್ಷದಿಂದ ಮಾತು ಬಿಟ್ಟವಳಿಗೆ ಈಗ ಏನು ಬಂತು ಅಂತ ನೀನು ಲಕೋಟೆಯನ್ನು ಹಿಂದೆಮುಂದೆ ತಿರುಗಿಸಿ ನೋಡುತ್ತಿರುತ್ತೀಯ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಆಯ್ತಮ್ಮ, ನೋಡೋಣ" ಅಂದು ಇಟ್ಟುಬಿಡುತ್ತೀಯ. ಅದನ್ನೇ ಕಾಗದದಲ್ಲಿ ಬರೆದು ಅಂಚೆಗೆ ಹಾಕಲು ನಿನಗೂ ಸ್ವಲ್ಪ ನಾಚಿಕೆಯಾದೀತು.

ವಿಷಯ ಏನೆಂದರೆ, ನಮ್ಮ ಬೀದಿಯ ಕೊನೆಯಿಂದ ದೊಡ್ಡಾಸ್ಪತ್ರೆಗೆ ಹೋಗುವ ಬಸ್ಸು ಹೋದ ವಾರ ಬದಲಾಯಿತು. ನಾನು ತಲೆ ಎತ್ತಿಯೂ ನೋಡಿರಲಿಲ್ಲ. ಬಸ್ಸಿಗೂ ನನ್ನ ಗಾಲಿಕುರ್ಚಿಗೂ ಏನು ಸಂಬಂಧ? ಅದು ನನ್ನ ಮುಂದೆ ಹಾದುಹೋಗುತ್ತದೆ, ನಾನು ಅದರ ಹೊಗೆ ಕುಡಿಯುತ್ತೇನೆ, ಅಷ್ಟೆ. ಆದರೆ ಈ ಬಸ್ಸು ಬಂದು ನಿಂತಿತು. ಡ್ರೈವರು ಇಳಿದು ಬಂದು ನಡುಬಾಗಿಲಿನ ನೆಲದಿಂದ ಒಂದು ಕಬ್ಬಿಣದ ಹಲಗೆ ಎತ್ತಿ ಹೊರಕ್ಕೆ ಮಡಚಿ ಹಾಕಿದ. ಅದರ ತುದಿ ಫುಟ್‌ಪಾತಿನ ಮೇಲೆ ಸರಿಯಾಗಿ ಕೂತಿತು. "ಬನ್ನಿ ಅಕ್ಕ" ಅಂದ. "ಎಲ್ಲಿಗೆ?" ಅಂದೆ. ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ತೊಡೆಯ ಮೇಲೆ ತರಕಾರಿ ಚೀಲ ಇಟ್ಟುಕೊಂಡೇ ಹತ್ತಿಬಿಟ್ಟೆ.

ಹತ್ತುವಾಗ ಹಲಗೆಯ ಹಿಡಿಕೆ ಕಣ್ಣಿಗೆ ಬಿತ್ತು. ಹಳೇ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ತುದಿಯನ್ನು ಎಡಗಡೆಯಿಂದ ಒಳಗೆ ಸಿಕ್ಕಿಸಿದ್ದಾರೆ. ನಮ್ಮ ಬಾಣಲೆಯ ಹಿಡಿಕೆಗೆ ಹಾಗೆ ಸುತ್ತಿದವನು, ನನ್ನ ಮೊದಲನೇ ಕುರ್ಚಿಯ ಹಿಡಿಗಳಿಗೆ ಹಾಗೆ ಸುತ್ತಿದವನು ಒಬ್ಬನೇ. ನಮ್ಮನೆಯ ಎಡಚ.

ನೀನೇ ಮಾಡಿದ್ದಾ? ಹೌದಾದರೆ ಹೌದು ಅಂತ ಬರಿ. ಹಾಗಂತ ಆ ಮಾತನ್ನು ನಾನು ಮರೆತೆ ಅಂದುಕೊಳ್ಳಬೇಡ. "ಇವಳನ್ನ ಅಂಗವಿಕಲರ ನಿಲಯಕ್ಕೆ ಸೇರಿಸಿಬಿಡೋಣ ಅಮ್ಮ, ನಿನ್ನ ಬೆನ್ನು ಮುರಿಯೋಕೆ ಮುಂಚೆ" ಅಂತ ನೀನು ಅಂದಾಗ ನಾನು ಒಳಕೋಣೆಯಲ್ಲಿ ನಿದ್ದೆ ಮಾಡುತ್ತಿರಲಿಲ್ಲ. ಅದು ಬೇರೆ, ಇದು ಬೇರೆ.

ನಿನ್ನ ತಂಗಿ,
ಮೆಣಸಿನಕಾಯಿ

*

ಫೆಬ್ರವರಿ 26

ತಂಗಿಗೆ,

ಹೌದು.

ಇಷ್ಟೇ ಬರೆದು ಕಳಿಸೋಣ ಅಂತಿದ್ದೆ. ನಿನ್ನ ಅತ್ತಿಗೆ ನೋಡಿ, "ಒಂದು ಪದಕ್ಕೆ ಅಂಚೆಚೀಟಿ ದಂಡ" ಅಂದಳು. ಅದಕ್ಕೆ ಇನ್ನೂ ಸ್ವಲ್ಪ ಬರೆಯುತ್ತೇನೆ.

ನಮ್ಮ ವರ್ಕ್‌ಶಾಪಿಗೆ ರಿಪೇರಿಗೆ ಬರುವ ಬಸ್ಸುಗಳಲ್ಲಿ ಅರ್ಧಕ್ಕರ್ಧ ಬಸ್ಸಿಗೆ ಆ ಹಲಗೆ ಇದೆ. ಕೊಳ್ಳುವಾಗ ಇರಲೇಬೇಕು ಅಂತ ನಿಯಮ. ಆದರೆ ಗುಂಡಿಯಲ್ಲಿ ಗಾಡಿ ಇಳಿದಾಗಲೆಲ್ಲ ಅದು ಲೊಡಲೊಡ ಅನ್ನುತ್ತದೆ. ಡ್ರೈವರುಗಳಿಗೆ ತಲೆ ಕೆಟ್ಟು ತಂತಿ ಹಾಕಿ ಕಟ್ಟಿಬಿಡುತ್ತಾರೆ. ಕಟ್ಟಿದ ಮೇಲೆ ಕೆಸರು ತುಂಬಿ ಕೀಲು ತುಕ್ಕು ಹಿಡಿಯುತ್ತದೆ. ಬ್ರೇಕು ಹೋದರೆ ಗಲಾಟೆ ಮಾಡಿ ಹೊಸದು ತರಿಸುತ್ತಾರೆ, ಹಲಗೆಯ ಕೀಲಿಗೆ ಯಾರೂ ಗಲಾಟೆ ಮಾಡುವುದಿಲ್ಲ. ಹಾಗಾಗಿ ಇಲ್ಲಿನ ಪದ್ಧತಿ ಏನೆಂದರೆ, ಬೇಕಾದ ಸಾಮಾನನ್ನು ಇನ್ನೊಂದು ಬಸ್ಸಿನಿಂದ ಬಿಚ್ಚಿ ಹಾಕುವುದು. ಈ ಗಾಡಿ ನಿಮ್ಮ ಊರಿಗೆ ಹೋಗುತ್ತದೆ ಅಂತ ತಿಳಿದಾಗ ನಾನು ಒಂದರಿಂದ ಕೀಲು, ಇನ್ನೊಂದರಿಂದ ಸ್ಪ್ರಿಂಗು, ಮತ್ತೊಂದರಿಂದ ರಬ್ಬರು ಬಿಚ್ಚಿ ಇದಕ್ಕೆ ಹಾಕಿದೆ. ಊಟದ ಬಿಡುವಿನಲ್ಲೇ ಮಾಡಿದ್ದು, ಯಾರ ಕೆಲಸವನ್ನೂ ಕದ್ದಿಲ್ಲ.

ನಾನು ಮಾಡಿದ್ದು ಅಂತ ಎಲ್ಲೂ ಬಾಯಿ ಬಿಡಬೇಡ. ಹಲಗೆ ಮಡಚುವಾಗ ಕೀಲಿನ ಹತ್ತಿರ ಬೆರಳಿಡಬಾರದು ಅಂತ ಡ್ರೈವರಿಗೆ ಹೇಳು.

ನಿಲಯದ ಮಾತಿಗೂ ಉತ್ತರ ಬರೆದು ಹೊಡೆದುಹಾಕಿದ್ದೇನೆ.

ನಿನ್ನ ಅಣ್ಣ,
ಎಡಚ

*

ಏಪ್ರಿಲ್ 2

ಅಣ್ಣನಿಗೆ,

ಹೊಡೆದುಹಾಕಿದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. "ಅಮ್ಮನ ಬೆನ್ನು" ಅಂತ ಎರಡು ಪದ ಮಾತ್ರ ಸಿಕ್ಕಿದವು. ಇರಲಿ ಬಿಡು.

ನನಗೆ ಕೆಲಸ ಸಿಕ್ಕಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದು. ದೊಡ್ಡಾಸ್ಪತ್ರೆಯ ನೆಲಮಹಡಿಯಲ್ಲಿ, ಬಟ್ಟೆ ಒಗೆಯುವ ಜಾಗದ ಪಕ್ಕ, ಹೊಲಿಗೆ ಕೋಣೆ ಇದೆ. ಹರಿದ ಹಾಸು, ಗುಂಡಿ ಕಿತ್ತ ರೋಗಿಗಳ ಅಂಗಿ, ಡಾಕ್ಟರುಗಳ ಕೋಟು ಎಲ್ಲ ಅಲ್ಲಿಗೆ ಬರುತ್ತವೆ. ಡಾಕ್ಟರುಗಳು ಜೇಬಿನಲ್ಲಿ ಏನೇನು ತುಂಬಿಕೊಂಡಿರುತ್ತಾರೆ ಅಂತೀಯ, ಬರೀ ಬಿಸ್ಕತ್ತಿನ ಪುಡಿ. ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರ ಒಂದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅದೇ ಈಗ ನನ್ನದು. ಅಲ್ಲಿನ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ. ಮೊದಲ ದಿನ ಆಕೆ ನನ್ನ ಹೊಲಿಗೆಯನ್ನು ಎಳೆದು ನೋಡಿ ತಲೆಯಾಡಿಸಿ, "ಅದೆಲ್ಲ ಸರಿ, ದಿನಾ ಹೇಗಮ್ಮ ಬರ್ತೀಯಾ?" ಅಂದಳು.

"ಬಸ್ಸಲ್ಲಿ."

"ಬಸ್ಸಲ್ಲಾ?"

"ಹೂಂ, ಎಲ್ಲರೂ ಬರಲ್ವಾ, ಹಾಗೆ."

ಈ ಮಾತು ಹೇಳುವಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಸೂಜಿ ಚುಚ್ಚಿಕೊಂಡದ್ದೂ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಎಲ್ಲ ಸುಖ ಅಂತಲ್ಲ. ಕುರ್ಚಿ ನಿಲ್ಲಿಸುವ ಜಾಗದಲ್ಲಿ ಯಾವಾಗಲೂ ಯಾರದ್ದೋ ಮೂಟೆ ಇರುತ್ತದೆ. ಒಂದು ದಿನ ಒಬ್ಬ ಕಪಾಟನ್ನೇ ತಂದು ನಿಲ್ಲಿಸಿದ್ದ. ಕಂಡಕ್ಟರು ಗೊಣಗಪ್ಪ, ಹಲಗೆ ಇಳಿಯುವಷ್ಟು ಹೊತ್ತೂ ಗಡಿಯಾರ ನೋಡುತ್ತಾನೆ. ಮೊನ್ನೆ ಒಬ್ಬ ಹೆಂಗಸು, "ಇಷ್ಟು ಕಷ್ಟಪಟ್ಟು ಯಾಕಮ್ಮ ಬರ್ತೀಯಾ, ಮನೇಲಿ ಹಾಯಾಗಿರಬಾರದಾ?" ಅಂದಳು. "ನೀವ್ಯಾಕೆ ಬಂದ್ರಿ?" ಅಂತ ಕೇಳಿದೆ. ಆಮೇಲೆ ಇಳಿಯುವವರೆಗೂ ಕಿಟಕಿಯಾಚೆ ನೋಡಿದಳು. ಡ್ರೈವರು ಮಾತ್ರ ಬಂಗಾರದಂಥವನು. ಮೀಸೆ ನೋಡಿದರೆ ಹೆದರಿಕೆಯಾಗಬೇಕು, ಅಷ್ಟು ದಪ್ಪ. ಹಾಗಾಗಿ ಅವನ ಹೆಸರೇ ಮೀಸೆ.

ಹೋದ ಭಾನುವಾರ ಏನೂ ಕೆಲಸವಿಲ್ಲದೆ ಕೊನೆಯ ಸ್ಟಾಪಿನವರೆಗೂ ಹೋದೆ. ಅಲ್ಲಿ ಒಂದು ಮುಚ್ಚಿದ ಕಾರ್ಖಾನೆಯ ಗೋಡೆ, ಒಂದು ಪಂಕ್ಚರ್ ಅಂಗಡಿ, ನಾಲ್ಕು ನಾಯಿ. ನೋಡಿಕೊಂಡು ವಾಪಸು ಬಂದೆ. ಮೂವತ್ತನಾಲ್ಕು ವರ್ಷ ಇದೇ ಊರಿನಲ್ಲಿದ್ದೂ ಆ ಗೋಡೆ ನೋಡಿರಲಿಲ್ಲ ನಾನು.

ಇನ್ನೊಂದು ವಿಷಯ. ಅಮ್ಮ, "ಬೈಯೋದಕ್ಕೆ ಮಾತ್ರ ಪೆನ್ನು ಹಿಡೀತೀಯ, ಒಳ್ಳೇದಾದಾಗಲೂ ಒಂದು ಮಾತು ಬರಿಯೇ" ಅಂತ ದಿನಾ ತಲೆ ತಿಂದಳು. ಅದಕ್ಕೆ ನಿಮ್ಮ ದೊಡ್ಡ ಕಚೇರಿಗೆ ಒಂದು ಮೆಚ್ಚುಗೆಯ ಕಾಗದ ಹಾಕಿದೆ. ಬಸ್ಸಿನ ನಂಬರು ಬರೆದು, ಇದರ ಹಲಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಉಳಿದವನ್ನೂ ಹೀಗೇ ಮಾಡಿ ಅಂತ ಬರೆದೆ. ನಿನ್ನ ಸುದ್ದಿ ಎತ್ತಿಲ್ಲ, ಹೆದರಬೇಡ.

ನಿನ್ನ ತಂಗಿ,
ಮೆಣಸಿನಕಾಯಿ, ಹೊಲಿಗೆ ಕೋಣೆ

*

ಮೇ 6

ತಂಗಿಗೆ,

ನಿಮ್ಮ ಬಸ್ಸು ಸೋಮವಾರದಿಂದ ಬರುವುದಿಲ್ಲ. ನಿನಗೆ ಮೊದಲೇ ತಿಳಿಯಲಿ ಅಂತ ಬರೆಯುತ್ತಿದ್ದೇನೆ. ಈ ಕಾಗದ ಸೋಮವಾರದ ಒಳಗೆ ಸಿಗುತ್ತದೋ ಇಲ್ಲವೋ.

ಅಂಗವಿಕಲರು ಹತ್ತುವಂಥ ಬಸ್ಸುಗಳು ಹೇಗಿವೆ ಅಂತ ನೋಡಲು ಮೇಲಿನಿಂದ ಒಂದು ತಂಡ ಬರುತ್ತಿದೆ. ಸಾಹೇಬರು ನಮ್ಮನ್ನೆಲ್ಲ ಕರೆಸಿ, "ಹಲಗೆ ಸರಿಯಾಗಿ ಇಳಿಯೋ ಗಾಡಿ ನಮ್ಮ ಹತ್ರ ಯಾವುದಿದೆ?" ಅಂತ ಕೇಳಿದರು. ಎಲ್ಲರೂ ನೆಲ ನೋಡಿದೆವು. ಆಗ ಗುಮಾಸ್ತೆ ನಿನ್ನ ಕಾಗದ ತಂದು ಮೇಜಿನ ಮೇಲಿಟ್ಟ. ಸಾಹೇಬರು ಓದಿ, ಇನ್ನೊಂದು ಸಲ ಓದಿ, ಅದನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ನಿನ್ನ ಅಕ್ಷರ ನನಗೆ ಬಾಗಿಲಿನಿಂದಲೇ ಗುರುತು ಸಿಕ್ಕಿತು.

ಒಂದು ವಾರದ ಮಟ್ಟಿಗೆ ಅಂತ ಹೇಳಿದ್ದಾರೆ.

ನಿನ್ನ ಅಣ್ಣ

*

ಜೂನ್ 3

ಅಣ್ಣನಿಗೆ,

ನಿಮ್ಮ ಕಡೆ ವಾರಕ್ಕೆ ಎಷ್ಟು ದಿನ?

ಬದಲಿಗೆ ಕಳಿಸಿದ ಬಸ್ಸಿನಲ್ಲೂ ಹಲಗೆ ಇದೆ, ತಂತಿಯಲ್ಲಿ ಕಟ್ಟಿದ್ದು. ಮೀಸೆ ಇಕ್ಕಳ ತಂದು ತಂತಿ ಕತ್ತರಿಸಿ ಎತ್ತಿದ. ಹಿಡಿಕೆ ಕೈಗೆ ಬಂತು, ಹಲಗೆ ಅಲ್ಲೇ ಉಳಿಯಿತು. ಕೀಲೇ ಇಲ್ಲ ಅದಕ್ಕೆ. ಅವನಿಗೆ ಪಾಪ, ನನಗಿಂತ ಅವಮಾನವಾಯಿತು. "ಎತ್ತಿಕೊಂಡು ಹತ್ತಿಸ್ತೀವಿ ಅಕ್ಕ" ಅಂದ. ಬೇಡ ಅಂದೆ, ಆಮೇಲೆ ಕೆಲಸದ ಯೋಚನೆ ಬಂದು ಹೂಂ ಅಂದೆ. ಮೂರು ದಿನ ಹಾಗೆ ನಡೆಯಿತು. ಯಾರ್ಯಾರದೋ ಕೈ, ಎಲ್ಲೆಲ್ಲೋ ಹಿಡಿಯುತ್ತಾರೆ. ಸಿಟ್ಟು ಬಂದರೂ ನಗಬೇಕು, ಥ್ಯಾಂಕ್ಸ್ ಅನ್ನಬೇಕು. ನಾಲ್ಕನೇ ದಿನ ಒಬ್ಬನ ಕೈ ಜಾರಿತು. ಕುರ್ಚಿಯ ಒಂದು ಗಾಲಿ ಸೊಟ್ಟಗಾಯಿತು, ನನ್ನ ಮೊಣಕೈ ತರಚಿಹೋಯಿತು. ಬಿದ್ದವಳು ನಾನು, ಅತ್ತವನು ಮೀಸೆ. ಗೊಣಗಪ್ಪ ಅವತ್ತು ಗಡಿಯಾರ ನೋಡಲಿಲ್ಲ.

ಈಗ ಅಮ್ಮ ಆಸ್ಪತ್ರೆಯವರೆಗೆ ತಳ್ಳಿಕೊಂಡು ಬರುತ್ತಾಳೆ. ಗೋದಾಮಿನ ಹತ್ತಿರದ ಏರಿನಲ್ಲಿ ನಾನೂ ಗಾಲಿ ತಿರುಗಿಸುತ್ತೇನೆ, ಆದರೂ ಅಮ್ಮನ ಉಸಿರು ನನ್ನ ಕಿವಿಗೇ ಕೇಳಿಸುತ್ತದೆ. ಸಂಜೆ ಮತ್ತೆ ಬರಬೇಕಲ್ಲ, ಅದಕ್ಕೆ ದಿನವೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಾಳೆ. ನೋಡಿದವರು ರೋಗಿ ಅಂದುಕೊಳ್ಳುತ್ತಾರೆ.

ನಿಮ್ಮ ಕಚೇರಿಯಿಂದ ನನಗೊಂದು ಆಹ್ವಾನ ಬಂದಿದೆ. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು. ಬಸ್ಸಿನ ಪ್ರದರ್ಶನಕ್ಕೆ ನಾನು ಖುದ್ದಾಗಿ ಬಂದು ಎರಡು ಮಾತಾಡಬೇಕಂತೆ. ಹೇಗೆ ಬರಲಿ ಅಂತ ಕೇಳಿ ಬರೆದೆ. ಉತ್ತರ ಬಂದಿಲ್ಲ.

ಇನ್ನೊಂದು ಬಸ್ಸು ಮಾಡಿ ಕಳಿಸು. ಒಂದು ಮಾಡಿದವನಿಗೆ ಇನ್ನೊಂದು ಮಾಡಲು ಬರುವುದಿಲ್ಲವೇ? ನಿನ್ನ ಕಾಲು ಹಿಡಿಯುತ್ತೇನೆ ಅಂತ ಬರೆಯಲು ಮನಸ್ಸು ಬಾರದು, ಆದರೆ ಬರೆದೆ ಅಂದುಕೋ.

ನಿನ್ನ ತಂಗಿ

*

ಜುಲೈ 18

ತಂಗಿಗೆ,

ತಡವಾಯಿತು. ಒಳ್ಳೆಯದೇನಾದರೂ ಬರೆಯಲು ಸಿಗಲಿ ಅಂತ ಕಾದೆ.

ಪ್ರದರ್ಶನದ ದಿನ ಗಾಲಿಕುರ್ಚಿ ಬಂತು, ಕೂರುವವರು ಯಾರೂ ಇರಲಿಲ್ಲ. ಸಾಹೇಬರು ಸುತ್ತ ನೋಡಿ, "ಏಯ್ ಎಡಚ, ನೀನು ತೆಳ್ಳಗಿದ್ದೀಯ, ಕೂತ್ಕೋ" ಅಂದರು. ಕೂತೆ. ನನ್ನ ಜೊತೆಯ ವೆಲ್ಡರು ತಳ್ಳಿದ. ಹಲಗೆ ಹತ್ತಿದೆ, ಇಳಿದೆ, ಫೋಟೋ ಸರಿ ಬರಲಿಲ್ಲ ಅಂತ ಮತ್ತೆ ಹತ್ತಿದೆ. ಬಂದವರು ಚಪ್ಪಾಳೆ ತಟ್ಟಿದರು. ಕೊನೆಗೆ ನಾನು ಎದ್ದು ನಿಂತಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಊಟ ಸೇರಲಿಲ್ಲ.

ಅವರಿಗೆ ಬಸ್ಸು ಬಹಳ ಹಿಡಿಸಿತು. ಇನ್ನು ಬೇರೆ ಬೇರೆ ಕಡೆಯಿಂದ ನೋಡಲು ಬರುತ್ತಾರಂತೆ, ಅದಕ್ಕೆ ಶೆಡ್ಡಿನಲ್ಲೇ ಇಟ್ಟುಕೊಂಡಿದ್ದಾರೆ. ವಾರಕ್ಕೊಮ್ಮೆ ಎಣ್ಣೆ ಬಿಟ್ಟು ಒರೆಸುವುದು ನನ್ನ ಕೆಲಸ. ಕೊನೆಗೆ ಧೈರ್ಯ ಮಾಡಿ ಹೇಳಿದೆ: "ಸಾರ್, ಆ ಕಾಗದ ಬರೆದೋಳು ನನ್ನ ತಂಗಿ. ಗಾಡಿ ಇಲ್ಲದೆ ಅವಳ ಕೆಲಸ ಹೋಗುತ್ತೆ." ಸಾಹೇಬರು ಎದ್ದು ನಿಂತು ನನ್ನ ಕೈ ಕುಲುಕಿದರು. ಕೆಟ್ಟವರಲ್ಲ ಅವರು. "ಒಂದು ಊರಿಗೇ ಕೊಟ್ಟುಬಿಟ್ರೆ ಉಳಿದ ಊರಿನವರು ಕೇಳಲ್ವಾ? ಇಲ್ಲೇ ಇದ್ರೆ ಎಲ್ಲರಿಗೂ ಸೇರಿದ್ದಾಗುತ್ತೆ, ನೋಡು" ಅಂದರು.

ಇನ್ನೊಂದು ಮಾಡು ಅಂದೆಯಲ್ಲ. ಮಾಡುವವನಿದ್ದೆ, ಬಿಚ್ಚಲು ಒಂದು ಗಾಡಿಯನ್ನೂ ನೋಡಿಟ್ಟಿದ್ದೆ. ಅಷ್ಟರಲ್ಲಿ ಗೇಟಿನ ಹತ್ತಿರ ಒಬ್ಬ ಮನುಷ್ಯ ಬಂದ. ದೂರದ ಊರಿನವನು, ಹಾಲು ಹಾಕುವ ಕೆಲಸ. ಅವರ ಊರಿನ ಬಸ್ಸು ಹೋದ ಚಳಿಗಾಲದಲ್ಲಿ ಇಲ್ಲಿಗೆ ಇಂಜಿನ್ ಕೆಲಸಕ್ಕೆ ಬಂದು ಹೋದ ಮೇಲೆ ಹಲಗೆ ಏಳುತ್ತಿಲ್ಲವಂತೆ. "ನಮ್ಮ ಹುಡುಗಿ ಅವತ್ತಿಂದ ಸ್ಕೂಲಿಗೆ ಹೋಗಿಲ್ಲ ಸಾರ್. ಹೊತ್ಕೊಂಡು ಹೋಗೋಣ ಅಂದ್ರೆ ಬೆಳೆದ ಹುಡುಗಿ, ಬೇಡ ಅಂತಾಳೆ" ಅಂದ. ಗಾಡಿಯ ನಂಬರು ಹೇಳಿದ. ನಿಮ್ಮ ಬಸ್ಸಿಗೆ ಹಾಕಿದ ಕೀಲು ಅದರದ್ದು.

ಅವನಿಗೆ ನಾನು "ನೋಡೋಣ" ಅಂದೆ.

ಆಮೇಲೆ ನನಗೆ ಸ್ಪ್ಯಾನರು ಹಿಡಿಯಲು ಆಗಲಿಲ್ಲ. ಕೀಲು ಬೇಕು ಅಂತ ಬರೆದುಕೊಟ್ಟಿದ್ದೇನೆ, ಹೊಸ ಬಸ್ಸುಗಳನ್ನೇ ಕೊಳ್ಳುವ ಯೋಚನೆ ಇರುವುದರಿಂದ ಹಳೆಯದಕ್ಕೆ ತರಿಸುವುದಿಲ್ಲ ಅಂದರು.

ಇಲ್ಲಿಗೇ ಬಂದುಬಿಡು ಅನ್ನಬೇಕು. ನಮ್ಮದು ಮೂರನೇ ಮಹಡಿ, ಲಿಫ್ಟಿಲ್ಲ. ನಿನ್ನ ಅತ್ತಿಗೆ ಕೆಳಮನೆ ಹುಡುಕುತ್ತಿದ್ದಾಳೆ.

ನಿನ್ನ ಅಣ್ಣ

*

ಸೆಪ್ಟೆಂಬರ್ 11

ಅಣ್ಣನಿಗೆ,

ಆ ಹುಡುಗಿಯ ಸುದ್ದಿ ನನಗೆ ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು. ಇಲ್ಲ, ಬರೆದದ್ದೇ ಸರಿ. ನಾನು ಕೊನೆಯ ಸ್ಟಾಪಿನ ನಾಯಿ ನೋಡಲು ಹೋದ ಭಾನುವಾರ ಅವಳು ಮನೆಯಲ್ಲಿ ಕೂತಿದ್ದಳು ಅಂತ ದಿನಕ್ಕೊಮ್ಮೆಯಾದರೂ ನೆನಪಾಗುತ್ತದೆ. ನಿನ್ನ ಮೇಲೆ ಸಿಟ್ಟು ಬರಲಿ ಅಂತ ನೋಡಿದೆ, ಬರಲಿಲ್ಲ. ಬಂದಿದ್ದರೆ ನನಗೂ ಸುಲಭವಾಗುತ್ತಿತ್ತು.

ಅಮ್ಮ ಗೋದಾಮಿನ ಏರಿನಲ್ಲಿ ಕುಸಿದಳು. ಕುರ್ಚಿ ಹಿಂದಕ್ಕೆ ಜಾರದಂತೆ ತನ್ನ ಮೈಯನ್ನೇ ಅಡ್ಡ ಕೊಟ್ಟಳು, ಅದೇ ತಪ್ಪಾಯಿತು. ನಾನು ಗಾಲಿ ಹಿಡಿದು ನಿಲ್ಲಿಸುತ್ತಿದ್ದೆ, ಅವಳಿಗೆ ನಂಬಿಕೆ ಬರಲಿಲ್ಲ. ಬೆನ್ನುಮೂಳೆಯಲ್ಲಿ ಬಿರುಕು ಬಿಟ್ಟಿದೆ ಅಂದರು. ಅಂತೂ ನೀನು ಅವತ್ತು ಹೇಳಿದ್ದೇ ಆಯಿತು. ಈಗ ನಾವಿಬ್ಬರೂ ಹಾಸಿಗೆಯ ಎರಡು ಬದಿ. ಪಕ್ಕದ ಮನೆಯವಳು ಬಂದು ಗಂಜಿ ಕಾಯಿಸಿ ಕೊಟ್ಟು ಹೋಗುತ್ತಾಳೆ. ಎಷ್ಟು ದಿನ ಅಂತ ಅವಳನ್ನು ಕೇಳುವುದು?

ದೊಡ್ಡಕ್ಕ ಮನೆಗೇ ಬಂದಿದ್ದಳು. ನನ್ನ ಕತ್ತರಿ, ಹೊಲಿಯುವಾಗ ಬೆರಳಿಗೆ ಹಾಕುವ ಟೋಪಿ ಎಲ್ಲ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಕಟ್ಟು ಕಂಡಾಗಲೇ ಗೊತ್ತಾಯಿತು. "ಬಟ್ಟೆ ರಾಶಿ ಬಿದ್ದಿದೆ ಕಣಮ್ಮ, ಬೇರೆಯವಳನ್ನ ತಗೊಂಡ್ರು. ನಾನು ಹೇಳಿ ನೋಡ್ದೆ" ಅಂದಳು. ಹೇಳಿರುತ್ತಾಳೆ, ನಂಬುತ್ತೇನೆ. ಯಂತ್ರ ಮತ್ತೆ ಮೂಲೆಗೆ ಹೋಯಿತಂತೆ, ಹೊಸಬಳು ಕಾಲಲ್ಲಿ ತುಳಿಯುವವಳು.

ನಿಲಯದ ವಿಳಾಸ ನಿನ್ನ ಹತ್ತಿರ ಇತ್ತಲ್ಲ, ಕೇಳೋಣ ಅಂದುಕೊಂಡಿದ್ದೆ. ಬೇಕಾಗಲಿಲ್ಲ. ಅಮ್ಮನ ದಿಂಬಿನ ಕೆಳಗೇ ಇತ್ತು, ನೀನು ಬರೆದುಕೊಟ್ಟ ಚೀಟಿ. ಹರಿದುಹಾಕಿದೆ ಅಂತ ನನಗೆ ಹೇಳಿದ್ದಳು. ನಾನೇ ಫೋನು ಮಾಡಿ ಮಾತಾಡಿದೆ. ಜಾಗ ಇದೆಯಂತೆ. ಬಾಗಿಲುಗಳೆಲ್ಲ ಅಗಲ, ಎಲ್ಲೂ ಮೆಟ್ಟಿಲಿಲ್ಲ, ಬಚ್ಚಲಿನವರೆಗೂ ಕುರ್ಚಿಯಲ್ಲೇ ಹೋಗಬಹುದು ಅಂತ ಫೋನೆತ್ತಿದ ಹೆಂಗಸು ಹೊಗಳಿದಳು. ಊರೊಳಗೆ ಬರಲು ಬಸ್ಸಿದೆಯಾ ಅಂತ ಕೇಳಿದೆ. "ಯಾಕಮ್ಮ, ಇಲ್ಲೇ ಎಲ್ಲಾ ಇದೆಯಲ್ಲ" ಅಂದಳು.

ಕರೆದುಕೊಂಡು ಹೋಗಲು ಅವರದ್ದೇ ವ್ಯಾನು ಬರುತ್ತದಂತೆ. ಅದಕ್ಕೆ ಹಲಗೆ ಇದೆಯಂತೆ, ಚೆನ್ನಾಗಿ ಇಳಿಯುತ್ತದಂತೆ. ಕರೆದುಕೊಂಡು ಹೋಗುವ ದಿನ ಮಾತ್ರ.

ಅಮ್ಮನನ್ನು ಬಂದು ನಿನ್ನ ಮನೆಗೆ ಕರೆದುಕೊಂಡು ಹೋಗು. ಮೂರು ಮಹಡಿ ನಿಧಾನ ಹತ್ತಿಸು.

ನಿನ್ನ ತಂಗಿ

*

ಡಿಸೆಂಬರ್ 4

ಅಣ್ಣನಿಗೆ,

ಅಮ್ಮ ಎದ್ದು ಗೋಡೆ ಹಿಡಿದು ನಡೆಯುತ್ತಾಳೆ ಅಂತ ಬರೆದದ್ದು ಓದಿ ಹೊಟ್ಟೆ ತಣ್ಣಗಾಯಿತು. ನಿನಗೆ ರಜೆ ಸಿಕ್ಕಾಗ ಬಾ, ಸಿಗದಿದ್ದರೆ ಬಿಡು. ನಾನಿಲ್ಲಿ ಕ್ಷೇಮ. ನನ್ನ ಕೋಣೆಯಲ್ಲಿ ಇನ್ನೂ ಮೂವರಿದ್ದಾರೆ. ಒಬ್ಬ ಅಜ್ಜಿ ಗೊರಕೆ ಹೊಡೆಯುತ್ತಾಳೆ, ಬೆಳಿಗ್ಗೆ ಎದ್ದು ನಾನೇ ಹೊಡೆದೆ ಅಂತ ಜಗಳಕ್ಕೆ ಬರುತ್ತಾಳೆ. ಎಲ್ಲರ ಬಟ್ಟೆಗೂ ಗುಂಡಿ ಹಾಕಿ ಮುಗಿಸಿದೆ. ಇನ್ನು ಯಾವುದಾದರೂ ಕಿತ್ತುಹೋಗಲಿ ಅಂತ ಕಾಯಬೇಕು.

ನಿನ್ನೆ ನಮ್ಮ ಬಸ್ಸು ಬಂದಿತ್ತು.

ಅಂಗಳದಲ್ಲಿ ಹಾರ್ನ್ ಕೇಳಿದಾಗಲೇ ಕುರ್ಚಿಯನ್ನು ಬಾಗಿಲಿನ ಕಡೆ ತಿರುಗಿಸಿದೆ, ಆ ಹಾರ್ನ್ ನನಗೆ ಗೊತ್ತು. ತೊಳೆದು ಹೊಳೆಯುವ ಹಾಗೆ ಮಾಡಿದ್ದೀಯ. ಜೊತೆಗೆ ಕಾರಿನಲ್ಲಿ ನಾಲ್ಕೈದು ಜನ, ಕ್ಯಾಮೆರಾ, ಹೂಗುಚ್ಛ. ನಿಜವಾದ ಅಂಗವಿಕಲರು ಹತ್ತಿ ಇಳಿಯುವ ಫೋಟೋ ಬೇಕಂತೆ. ನಿನ್ನ ಫೋಟೋಗಳು ಸಾಕಾಗಲಿಲ್ಲ ಅಂತ ಕಾಣುತ್ತದೆ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರೇ ಹತ್ತಬೇಕು, ಕೈ ಬೀಸಬೇಕು, ಇಳಿಯಬೇಕು. ಅಜ್ಜಿ ತಲೆ ಬಾಚಿಕೊಂಡು ಬಂದಿದ್ದಳು.

ನನ್ನ ಸರದಿ ಬಂತು. ಹತ್ತಿದೆ. ಕಿಟಕಿಯ ಪಕ್ಕ ನನ್ನ ಜಾಗಕ್ಕೆ ಹೋಗಿ ಕುರ್ಚಿ ತಿರುಗಿಸಿ ಬೆಲ್ಟು ಹಾಕಿಕೊಂಡೆ, ಆಸ್ಪತ್ರೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದ ಹಾಗೆ. ಡ್ರೈವರು ಬೇರೆ ಯಾರೋ. "ಎಲ್ಲಿಗೆ ಹೋಗುತ್ತಪ್ಪ ಇದು?" ಅಂತ ಕೇಳಿದೆ.

"ಎಲ್ಲಿಗೂ ಇಲ್ಲಮ್ಮ, ತೋರಿಸೋಕೆ ತಂದಿರೋದು."

"ಗೇಟಿನವರೆಗಾದರೂ ಬಿಡು."

ಅವನು ಹಿಂದೆ ತಿರುಗಿ ನೋಡಿದ. ಚಿಕ್ಕ ವಯಸ್ಸಿನವನು. ಕೆಳಗಿನಿಂದ ಕ್ಯಾಮೆರಾದವನು, "ಮೇಡಂ, ಆಯ್ತು, ಇಳೀರಿ" ಅಂದ. ನಾನು ಇಳಿಯಲಿಲ್ಲ. ಇಳಿಯುವುದೇ ಇಲ್ಲ ಅಂತ ಕೂತೆ. ಏನು ಮಾಡುತ್ತಾರೆ, ಎತ್ತಿ ಇಳಿಸಲಿ ಅಂದುಕೊಂಡೆ.

ಆಮೇಲೆ ಕಿಟಕಿಯಿಂದ ನೋಡಿದೆ. ಬಿಸಿಲಿನಲ್ಲಿ ಅಜ್ಜಿ ಕಾಯುತ್ತಿದ್ದಳು, ಅವಳ ಹಿಂದೆ ಇನ್ನೂ ಸಾಲಿತ್ತು. ಅವಳು ಬಸ್ಸು ಹತ್ತಿ ಎಷ್ಟು ವರ್ಷವಾಯಿತೋ ಏನೋ. ಬೆಲ್ಟು ಬಿಚ್ಚಿದೆ. ಕೈ ಬೀಸಿ ಇಳಿದೆ.

ಇಳಿಯುವಾಗ ನೋಡಿದೆ, ಹಿಡಿಕೆಯ ಟ್ಯೂಬು ಸಡಿಲವಾಗಿದೆ. ತುದಿ ಹೊರಗೆ ಬಂದಿದೆ. ಶೆಡ್ಡಿಗೆ ಬಂದಾಗ ಬಿಗಿ ಮಾಡು.

ನಿನ್ನ ತಂಗಿ,
ಮೆಣಸಿನಕಾಯಿ